ಒಂದು ಬೆರಳು ಎತ್ತಿದರೆ ಏನರ್ಥ ಸ್ವಾಮಿ?

ಕನ್ನಡ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ. ತರಗತಿಯಲ್ಲಿ ಹುಡುಗ ಒಂದು ಬೆರಳು ಎತ್ತಿದರೆ ಏನರ್ಥ? ಮೇಷ್ಟ್ರು ಬೋರ್ಡಿನಿಂದ ಮುಖ ಕೂಡ ತಿರುಗಿಸದೆ ‘ಹೋಗಿ ಬಾ’ ಅನ್ನುತ್ತಿದ್ದರು. ಒಂದಕ್ಕೆ! ಅಷ್ಟೇ ಅದರ ಅರ್ಥ.

ಆದರೆ ಬೈಕ್ ಕ್ಲಬ್ಬುಗಳ ಶಾಸ್ತ್ರವೇ ಬೇರೆ. ಸಾಲಿನ ಮುಂದಿರುವವನು ಎಡಗೈ ಮೇಲೆತ್ತಿ ಒಂದು ಬೆರಳು ತೋರಿಸಿದರೆ ‘ಇನ್ನು ಒಬ್ಬರ ಹಿಂದೆ ಒಬ್ಬರು ಬನ್ನಿ, ಜೋಡಿ ಸಾಲು ಬೇಡ’ ಎಂದರ್ಥವಂತೆ. ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡು 2023ರ ಕೊನೆಯಲ್ಲಿ ಅರಬೈಲ್ ಘಟ್ಟದಲ್ಲಿ ನಮ್ಮ ಪ್ರೆಸ್ಸಿನ ಹುಡುಗನ ಬಲಗೈ ಮಣಿಕಟ್ಟು ಮುರಿಯಿತು. ಓದಿ ನಗು ಬಂದರೆ ನಗಿ. ಆಸ್ಪತ್ರೆಯಲ್ಲಿ ಅವನೂ ನಕ್ಕ. ನಕ್ಕು ಮುಗಿದ ಮೇಲೆ ಮುಂದಕ್ಕೆ ಓದಿ.

ನಾನು ಬರಹಗಾರನಲ್ಲ, ಬರೆದದ್ದನ್ನು ಅಚ್ಚು ಹಾಕುವವನು. ಪಿಯುಸಿಗೆ ಓದು ನಿಲ್ಲಿಸಿ ಟ್ರೆಡಲ್ ಮಷೀನಿನ ಮುಂದೆ ನಿಂತವನು. ಅಚ್ಚುಮೊಳೆ ಜೋಡಿಸಿದ ಬೆರಳು ಇವು. ಈಗ ಆಫ್‌ಸೆಟ್, ಡಿಟಿಪಿ. ಲಗ್ನಪತ್ರಿಕೆ, ಬಿಲ್ ಬುಕ್, ಸಂಘಟನೆಗಳ ಕರಪತ್ರ, ಎಲ್ಲ ನಮ್ಮಲ್ಲಿ ಆಗುತ್ತದೆ. ಹತ್ತು ವರ್ಷದಿಂದ ಬೆಂಗಳೂರಿನ ಬೈಕ್ ಕ್ಲಬ್ಬುಗಳೂ ನನ್ನ ಗಿರಾಕಿಗಳು. ಸ್ಟಿಕ್ಕರು, ಬ್ಯಾನರು, ಗುರುತಿನ ಚೀಟಿ, ಫಾರಂ. ನವೆಂಬರ್ ಬಂತೆಂದರೆ ಕೆಂಪು ಹಳದಿ ಸ್ಟಿಕ್ಕರಿಗೆ ನೂಕುನುಗ್ಗಲು. ಟ್ಯಾಂಕಿನ ಮೇಲೆ ಕನ್ನಡಾಂಬೆ, ಹಿಂದಿನ ಸೀಟಿಗೆ ಕಟ್ಟಿದ ಬಾವುಟ, ರಾಜ್ಯೋತ್ಸವ ರೈಡು! ಡಿಸೆಂಬರ್ ಬಂತೆಂದರೆ ಆ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆದು ತೆಗೆದು ಅದೇ ಜಾಗದಲ್ಲಿ ಹದ್ದು, ತಲೆಬುರುಡೆ ಅಂಟಿಸುತ್ತಾರೆ. ಅದನ್ನೂ ನಾನೇ ಅಚ್ಚು ಹಾಕಿ ಕೊಡುತ್ತೇನೆ. ಕಾಸು ಎಣಿಸಿಕೊಂಡಿದ್ದೇನೆ. ಆದ್ದರಿಂದ ಈ ಲೇಖನದಲ್ಲಿ ಬೈಗುಳ ಇದ್ದರೆ ಮೊದಲ ಪಾಲು ನನಗೇ ಇರಲಿ.

ಬೈಕ್ ಜಾತ್ರೆ ಅಂದರೇನು ಎಂದು ಗೊತ್ತಿಲ್ಲದ ಓದುಗ ಬಂಧುಗಳಿಗೆ ಒಂದು ಮಾತು. ಅಮೆರಿಕದ ಸೌತ್ ಡಕೋಟಾ ಎಂಬ ರಾಜ್ಯದಲ್ಲಿ ಸ್ಟರ್ಜಿಸ್ ಎಂಬ ಸಣ್ಣ ಊರಿದೆ. 1938ರಲ್ಲಿ ಅಲ್ಲೊಂದು ಬೈಕ್ ಪಂದ್ಯ ಶುರುವಾಗಿ ಈಗ ಪ್ರತಿ ಆಗಸ್ಟಿನಲ್ಲಿ ಲಕ್ಷಾಂತರ ಜನ ಬೈಕಿನಲ್ಲಿ ಬಂದು ಸೇರುವ ಜಾತ್ರೆಯಾಗಿದೆ. ನಮ್ಮ ದೇಶದಲ್ಲಿ ಆ ಧಾಟಿಯ ಜಾತ್ರೆಗೆ ಗೋವಾ ಹೆಸರುವಾಸಿ. ಎನ್‌ಫೀಲ್ಡ್ ಕಂಪನಿ ರೈಡರ್ ಮೇನಿಯಾ ಎಂಬ ಹೆಸರಿನಲ್ಲಿ ನಡೆಸುತ್ತಿದ್ದ ಜಾತ್ರೆ ಒಂದು, 2013ರಲ್ಲಿ ಶುರುವಾದ ಇಂಡಿಯಾ ಬೈಕ್ ವೀಕ್ ಇನ್ನೊಂದು. ವಾಗಾತೋರ್ ಗುಡ್ಡದ ಮೇಲೆ ಸಾವಿರಾರು ಬೈಕು, ಪೆಂಡಾಲು, ಹಾಡು, ಕುಣಿತ, ಮಾರಾಟ. ನಾವು ಹೊರಟದ್ದು ಇಂಥದೇ ಒಂದು ಜಾತ್ರೆಗೆ. ಯಾವುದು ಎಂದು ಹೇಳುವುದಿಲ್ಲ, ನನ್ನ ಜಗಳ ಜಾತ್ರೆಯ ಜೊತೆಗಲ್ಲ. ನಮ್ಮನ್ನು ಕರೆದುಕೊಂಡು ಹೋದ ಕ್ಲಬ್ಬಿನ ಹೆಸರೂ ಬೇಡ. ಇದು ಒಂದು ಕ್ಲಬ್ಬಿನ ರೋಗವಾಗಿದ್ದರೆ ಪತ್ರಿಕೆಯ ಜಾಗ ಹಾಳು ಮಾಡುತ್ತಿರಲಿಲ್ಲ.

ನನ್ನ ಬಂಡಿ ಎಜ್ಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ್ದು. ಸೋದರಮಾವ ಕೊಟ್ಟದ್ದು, ಇವತ್ತಿಗೂ ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು. ಪ್ರೆಸ್ಸಿನ ಹುಡುಗನದು ಕಂತಿನಲ್ಲಿ ಕೊಂಡ ನೂರೈವತ್ತು ಸಿಸಿ ಬೈಕು. ಹಾವೇರಿ ಕಡೆಯ ಹುಡುಗ, ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ನಮ್ಮಲ್ಲಿ ಕಟಿಂಗ್ ಮತ್ತು ಬೈಂಡಿಂಗ್ ನೋಡಿಕೊಳ್ಳುತ್ತಾನೆ. ‘ಅಣ್ಣಾರ, ಸಮುದ್ರ ನೋಡಿಲ್ರೀ ನಾ’ ಅಂದ. ಕ್ಲಬ್ಬಿನವರು ನನಗೆ ಕೊಡಬೇಕಾಗಿದ್ದ ಬಿಲ್ಲಿನಲ್ಲಿ ನಮ್ಮಿಬ್ಬರ ಪ್ರವೇಶದ ಹಣ ಮುರಿದುಕೊಳ್ಳಲಿ ಎಂದು ಹೆಸರು ಬರೆಸಿದೆ.

ಬೆಳಗಿನ ಜಾವ ನಾಲ್ಕೂವರೆಗೆ ತುಮಕೂರು ರಸ್ತೆಯ ಪೆಟ್ರೋಲ್ ಬಂಕಿನ ಮುಂದೆ ಸೇರಿದೆವು. ಇಪ್ಪತ್ತೆರಡು ಬೈಕು, ಸಾಮಾನು ಹೊರುವುದಕ್ಕೆ ಒಂದು ಕಾರು. ಚಳಿ. ಎಲ್ಲರ ಮೈಮೇಲೆ ಕಪ್ಪು ಜಾಕೀಟು, ಬೆನ್ನ ಮೇಲೆ ಇಂಗ್ಲಿಷ್ ಅಕ್ಷರ. ಮುಂದಾಳು ಅಂದರೆ ಅವರ ಭಾಷೆಯಲ್ಲಿ ‘ರೋಡ್ ಕ್ಯಾಪ್ಟನ್’ ಎತ್ತರದ ಕಟ್ಟೆಯ ಮೇಲೆ ನಿಂತು ಹತ್ತು ನಿಮಿಷ ಭಾಷಣ ಮಾಡಿದ. ಯಾರು ಎಲ್ಲಿರಬೇಕು, ಎಷ್ಟು ಅಂತರ ಬಿಡಬೇಕು, ಕೈಸನ್ನೆ ಯಾವುದಕ್ಕೆ ಏನು, ಘಟ್ಟದಲ್ಲಿ ಹೇಗೆ, ಕೆಟ್ಟರೆ ಏನು ಮಾಡಬೇಕು. ಪೂರಾ ಇಂಗ್ಲಿಷಿನಲ್ಲಿ. ನಡುವೆ ಎರಡು ಕಡೆ ನಗೆಚಾಟಿಕೆ ಹಿಂದಿಯಲ್ಲಿ. ಕನ್ನಡದ ಒಂದು ಅಕ್ಷರ? ಇಲ್ಲ!

ಈಗ ನೀವು ಅಂದುಕೊಳ್ಳುತ್ತೀರಿ, ಪಾಪ, ಹೊರರಾಜ್ಯದವನಿರಬೇಕು, ನಿನ್ನೆ ಮೊನ್ನೆ ಬೆಂಗಳೂರಿಗೆ ಬಂದವನು ಎಂದು. ಅಲ್ಲ ಸ್ವಾಮಿ! ಅವನು ಅಪ್ಪಟ ಮಂಡ್ಯದ ಕಡೆಯ ಗೌಡರ ಹುಡುಗ. ಭಾಷಣ ಶುರು ಮಾಡುವ ಐದು ನಿಮಿಷ ಮುಂಚೆ ಫೋನಿನಲ್ಲಿ ‘ಇಲ್ಲ ಕಣವ್ವಾ, ನಿಧಾನ್ಕೇ ಓಡುಸ್ತೀನಿ’ ಅಂದದ್ದನ್ನು ಈ ಕಿವಿಯಿಂದ ಕೇಳಿದ್ದೇನೆ. ಇಪ್ಪತ್ತೆರಡು ಜನರಲ್ಲಿ ಮನೆಮಾತು ಕನ್ನಡ ಇದ್ದವರನ್ನು ದಾರಿಯುದ್ದಕ್ಕೂ ಎಣಿಸಿದೆ. ಹದಿಮೂರು! ಉಳಿದ ಒಂಬತ್ತರಲ್ಲಿ ಒಬ್ಬ ಕೊಚ್ಚಿಯವನು ಚೆನ್ನಾಗಿ ಕನ್ನಡ ಮಾತಾಡುತ್ತಿದ್ದ. ಬಹುಮತ ಇದ್ದೂ ನಾವು ನಮ್ಮ ನೆಲದಲ್ಲೇ ಬಾಯಿ ಮುಚ್ಚಿ ನಿಂತಿದ್ದೆವು.

ಹುಡುಗ ನನ್ನ ಕಡೆ ತಿರುಗಿ ನೋಡಿದ. ನಾನು ತಲೆಯಾಡಿಸಿದೆ. ನನಗೂ ಅರ್ಧ ಅರ್ಥವಾಗಿತ್ತು, ಅರ್ಧ ಆಗಿರಲಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ನಾನು ಆಡಿಸಿದ್ದು ನೋಡಿ ಅವನೂ ತಲೆಯಾಡಿಸಿದ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ಕನ್ನಡಿಗ ಹೀಗೆ ಅರ್ಥವಾಗದ ಮಾತಿಗೆ ತಲೆಯಾಡಿಸುತ್ತಲೇ ಇದ್ದಾನೆ. ಈಗ ಹೆದ್ದಾರಿಯಲ್ಲೂ!

ಆಮೇಲೆ ಫಾರಂ ಹಂಚಿದರು. ಇಂಗ್ಲಿಷಿನಲ್ಲಿ ಒಂದು ಪುಟ, ಕೆಳಗೆ ಸಹಿ. ಹುಡುಗ ಬಾನೆಟ್ಟಿನ ಮೇಲಿಟ್ಟು ಕನ್ನಡದಲ್ಲಿ ದುಂಡಗೆ ಸಹಿ ಮಾಡಿದ. ಈ ಫಾರಂ ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ದಾವಣಗೆರೆಯಲ್ಲಿ ಬೆಣ್ಣೆದೋಸೆ, ಹುಬ್ಬಳ್ಳಿಯಲ್ಲಿ ಮಿರ್ಚಿ. ಹುಬ್ಬಳ್ಳಿಯವರೆಗೆ ಹೆದ್ದಾರಿ 48, ಅಲ್ಲಿಂದ ಅಂಕೋಲೆಗೆ 52. ಹಳಬರು ಇವತ್ತಿಗೂ 4 ಮತ್ತು 63 ಅಂತಲೇ ಕರೆಯುತ್ತಾರೆ. ಯಲ್ಲಾಪುರ ದಾಟಿದ ಮೇಲೆ ಕಾಡು, ಆಮೇಲೆ ಅರಬೈಲ್ ಘಟ್ಟ. ಮಂಗಳೂರು ಬಂದರು, ಕಾರವಾರ ಬಂದರು ಎಂದು ಹಗಲು ರಾತ್ರಿ ಲಾರಿ, ಟ್ಯಾಂಕರು ಇಳಿಯುವ ಘಟ್ಟ. ಬ್ರೇಕಿನ ಸುಟ್ಟ ವಾಸನೆ ಹೆಲ್ಮೆಟ್ಟಿನ ಒಳಗೂ ಬರುತ್ತದೆ.

ಬಯಲು ರಸ್ತೆಯಲ್ಲಿ ಇವರದು ಜೋಡಿ ಸಾಲು. ಅಂದರೆ ಒಬ್ಬ ಎಡಕ್ಕೆ, ಅವನ ಹಿಂದಿನವನು ಬಲಕ್ಕೆ, ಮೂರನೆಯವನು ಮತ್ತೆ ಎಡಕ್ಕೆ. ಓರೆಯಾಗಿ ಮುಂದಿರುವವನಿಂದ ಒಂದು ಸೆಕೆಂಡು, ನೇರ ಮುಂದಿರುವವನಿಂದ ಎರಡು ಸೆಕೆಂಡು ದೂರ. ತಿರುವಿನಲ್ಲಿ ಈ ಜೋಡಿ ಮುರಿದು ಒಂದೇ ಸಾಲಾಗಬೇಕು. ಯಾಕೆಂದರೆ ತಿರುವಿನಲ್ಲಿ ವಾಲುವುದಕ್ಕೆ ಪ್ರತಿಯೊಬ್ಬನಿಗೂ ಪೂರ್ತಿ ಲೇನು ಬೇಕು. ಒಳ್ಳೆಯ ನಿಯಮ. ಜೀವ ಉಳಿಸುವ ನಿಯಮ. ಇದನ್ನು ನಾನು ಈಗ ಕನ್ನಡದಲ್ಲಿ ಬರೆದೆನಲ್ಲ, ಎಲ್ಲಿಯಾದರೂ ತಡವರಿಸಿದಿರಾ? ಇಷ್ಟನ್ನು ಅವತ್ತು ಬೆಳಿಗ್ಗೆ ಹೇಳುವುದಕ್ಕೆ ಒಂದು ನಿಮಿಷ ಸಾಕಾಗಿತ್ತು.

ಘಟ್ಟದ ತಲೆಯಲ್ಲಿ ಮುಂದಾಳು ಬೆರಳೆತ್ತಿದ. ಹಿಂದಿನವನು ನೋಡಿ ಎತ್ತಿದ, ಅವನ ಹಿಂದಿನವನು ಎತ್ತಿದ. ಸನ್ನೆ ಸಾಲುಗುಂಟ ಬರಬೇಕು, ಅದೇ ಪದ್ಧತಿ. ನಮ್ಮ ಹುಡುಗ ಹತ್ತನೆಯವನು. ಮುಂದಿನವನು ಎತ್ತಿದ ಬೆರಳು ತೋರುಬೆರಳೋ ಕಿರುಬೆರಳೋ ಗ್ಲೌಸಿನಲ್ಲಿ ಏನು ತಿಳಿಯುತ್ತದೆ? ‘ಒಂದಕ್ಕ ನಿಲ್ಸಾಕತ್ತಾರ ಅಂತ ತಿಳ್ಕೊಂಡೆ ಅಣ್ಣಾರ’ ಎಂದು ಆಮೇಲೆ ಹೇಳಿದ. ಸನ್ನೆಗೆ ವಿಧೇಯನಾಗಿ ಎಡಕ್ಕೆ ಎಳೆದು ಬ್ರೇಕು ಹಾಕಿದ್ದಾನೆ. ಡಾಂಬರಿನ ಅಂಚಿನಲ್ಲಿ ಜಲ್ಲಿ. ಮುಂದಿನ ಚಕ್ರ ಜಾರಿತು. ಹಿಂದಿದ್ದವನು ತಪ್ಪಿಸಲು ಹೋಗಿ ಅವನ ಹಿಂಬದಿಗೆ ಬಡಿದ. ಅವನಿಗೆ ತರಚು ಗಾಯ, ಇವನು ಬಲಗೈ ಊರಿ ಬಿದ್ದ. ಒಂದು ಮಾರು ಬಲಕ್ಕೆ ಬಿದ್ದಿದ್ದರೆ ಎದುರಿನಿಂದ ಏರಿ ಬರುತ್ತಿದ್ದ ಟ್ಯಾಂಕರಿನ ಚಕ್ರ. ಹಿಂದಿನಿಂದ ಬರುತ್ತಿದ್ದ ನಾನು ನೋಡಿದೆ. ಇನ್ನೂ ಕೆಲವು ರಾತ್ರಿ ಆ ಚಕ್ರ ಕನಸಿನಲ್ಲಿ ಬರುತ್ತದೆ.

ಆಮೇಲೆ ನಡೆದದ್ದೇ ತಮಾಷೆ. ಅಲ್ಲಿಯವರೆಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದ ಬಾಯಿಗಳೆಲ್ಲ ಒಂದೇ ಸಲ ಬಿಚ್ಚಿಕೊಂಡವು! ‘ಅಯ್ಯೋ ದೇವ್ರೇ’, ‘ನೀರ್ ತಗೊಂಬಾರೋ’, ‘ಹೆಲ್ಮೆಟ್ ಬಿಚ್ಬೇಡ್ರೋ’. ಮುಂದಾಳು ಅರ್ಧ ಕಿಲೋಮೀಟರ್ ಹಿಂದಿರುಗಿ ಬಂದು 108ಕ್ಕೆ ಫೋನು ಹಚ್ಚಿ ಎಂಥಾ ಸೊಗಸಾದ ಮಂಡ್ಯ ಕನ್ನಡ ಮಾತಾಡಿದ ಅಂತೀರಿ! ಭಯಕ್ಕೆ ಕನ್ನಡ, ಗತ್ತಿಗೆ ಇಂಗ್ಲಿಷ್. ನಿಮಗೆ ಕನ್ನಡ ಬರುತ್ತದೆ ಮಹಾಶಯರೇ. ಬೆಳಗಿನ ನಾಲ್ಕೂವರೆಗೂ ಬರುತ್ತಿತ್ತು. ಬೇಕಿರಲಿಲ್ಲ ಅಷ್ಟೇ.

ಎಲ್ಲಿದ್ದೀರಿ ಎಂದು 108ರವರು ಕೇಳಿದರೆ ಹೇಳುವುದಕ್ಕೆ ಯಾರಿಗೂ ಗೊತ್ತಿಲ್ಲ. ಎಲ್ಲರ ಹ್ಯಾಂಡಲ್ ಮೇಲೆ ನಕ್ಷೆ ತೋರಿಸುವ ಫೋನು, ನೆಟ್‌ವರ್ಕ್ ಇಲ್ಲದೆ ಪರದೆ ಬಿಳಿಚಿಕೊಂಡಿತ್ತು. ಲಾರಿ ನಿಲ್ಲಿಸಿ ಇಳಿದು ಬಂದ ಗದಗದ ಡ್ರೈವರಪ್ಪ ಫೋನು ಕಸಿದುಕೊಂಡು ಯಾವ ತಿರುವು, ಯಾವ ಗುಡಿಯ ಕೆಳಗೆ, ಗುಳ್ಳಾಪುರ ಇನ್ನೆಷ್ಟು ದೂರ ಎಂದು ನಾಲ್ಕು ಮಾತಿನಲ್ಲಿ ಹೇಳಿದ. ತನ್ನ ಟವೆಲ್ಲಿನಲ್ಲಿ ಹುಡುಗನ ಕೈಯನ್ನು ಕುತ್ತಿಗೆಗೆ ಕಟ್ಟಿದ. ‘ಎತ್ತಿ ಕುಂದ್ರಸಬ್ಯಾಡ್ರಿ, ಬೆನ್ನಿಗೆ ಏನರ ಆಗೇತೇನ ನೋಡ್ರಿ ಮೊದ್ಲ’ ಅಂದ. ಅವನ ಹೆಸರು ಕೇಳುವುದನ್ನೂ ಮರೆತೆವು.

ಯಲ್ಲಾಪುರದಲ್ಲಿ ಮೊದಲ ಉಪಚಾರ, ಅಲ್ಲಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ. ಉತ್ತರ ಕನ್ನಡದಂಥ ಅಷ್ಟುದ್ದದ ಜಿಲ್ಲೆಯ ಜನ ದೊಡ್ಡ ಆಸ್ಪತ್ರೆ ಕೊಡಿ ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ತಲೆಗೆ ಪೆಟ್ಟು ಬಿದ್ದವನನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾದ ಬಾಂಬೋಲಿಮ್ಮಿಗೋ ಹೊತ್ತುಕೊಂಡು ಓಡಬೇಕಾದ ಕಥೆ ಬೇರೆಯೇ ಇದೆ. ಅದು ಇನ್ನೊಂದು ಲೇಖನ.

ಕ್ಲಬ್ಬಿನವರು? ಹೋದರು. ಹೋಟೆಲ್ ಬುಕಿಂಗ್ ಇತ್ತಂತೆ. ಇಬ್ಬರು ಮಾತ್ರ ಆಂಬುಲೆನ್ಸ್ ಬರುವವರೆಗೆ ನಿಂತರು, ಅದರಲ್ಲಿ ಒಬ್ಬ ಆ ಕೊಚ್ಚಿಯವನು. ಹುಡುಗನ ಬ್ಯಾಗು ಸಾಮಾನಿನ ಕಾರಿನಲ್ಲಿ ಗೋವಾಕ್ಕೆ ಹೋಯಿತು. ಬ್ಯಾಗಿನಲ್ಲಿ ಆಧಾರ್, ರೇಷನ್ ಕಾರ್ಡಿನ ಪ್ರತಿ, ಆಯುಷ್ಮಾನ್ ಕಾರ್ಡು. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲು ಕೇಳಿದ್ದೇ ಅದನ್ನು. ಹಾವೇರಿಯಿಂದ ಅವನ ಅಣ್ಣ ಬಂದು ಕೂತ ಮೇಲೆ, ಮಾರನೆಯ ದಿನ ಎಜ್ಡಿ ಹತ್ತಿಕೊಂಡು ಒಬ್ಬನೇ ಗೋವಾಕ್ಕೆ ಹೋದೆ. ಜಾತ್ರೆ ನೋಡುವುದಕ್ಕಲ್ಲ, ಬ್ಯಾಗು ತರುವುದಕ್ಕೆ.

ಮಾಜಾಳಿ ದಾಟಿದರೆ ಗೋವಾ. ಗೋವಾದಲ್ಲಿ ಕನ್ನಡ ಬೋರ್ಡು ಹಾಕಿ ಎಂದು ನಾನು ಕೇಳುವವನಲ್ಲ. ಅದು ಕೊಂಕಣಿಯ ನೆಲ. 1987ರಲ್ಲಿ ಹೋರಾಟ ಮಾಡಿ ತಮ್ಮ ನುಡಿಯನ್ನು ರಾಜ್ಯಭಾಷೆ ಮಾಡಿಕೊಂಡ ಜನ ಅವರು. ನಮ್ಮಲ್ಲಿ ಗೋಕಾಕ್ ಚಳವಳಿ ಕಂಡವರಿಗೆ ಅದರ ಬೆಲೆ ಗೊತ್ತಿರುತ್ತದೆ.

ಆದರೆ ಗುಡ್ಡ ಹತ್ತಿ ಹಿಂಬಾಗಿಲಿನ ಕಡೆಯಿಂದ ಒಳಗೆ ಹೋದಾಗ ಕಿವಿಗೆ ಬಿದ್ದದ್ದೇನು ಗೊತ್ತೇ? ‘ಏ ಯಮನೂರಾ, ಹಗ್ಗ ಜಗ್ಗಲೇ!’ ಪೆಂಡಾಲಿನ ಕಂಬ ನೆಡುವವರು, ಕುರ್ಚಿ ಹೊರುವವರು, ಬಾಟಲಿ ಆಯುವವರು, ಕಕ್ಕಸು ತೊಳೆಯುವವರು, ಎತ್ತ ತಿರುಗಿದರೂ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕನ್ನಡ. ಹುನಗುಂದದ ಕಡೆಯ ಒಬ್ಬ ಹಿರಿಯನ ಪಕ್ಕ ಕೂತು ಚಹಾ ಕುಡಿದೆ. ಮೂವತ್ತು ವರ್ಷವಾಯಿತಂತೆ ಗೋವಾಕ್ಕೆ ಬಂದು. ವಾಸ್ಕೋದ ಬೈನಾದಲ್ಲಿ ಮನೆ ಇತ್ತು, ಹೋಯಿತು ಅಂದ. ಬೈನಾ ಕಡಲತೀರದಲ್ಲಿ 2004ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಕನ್ನಡಿಗರ ಮನೆಗಳನ್ನು ಕೆಡವಿದ್ದು ನಮ್ಮ ಓದುಗರಿಗೆ ನೆನಪಿರಬೇಕು. ಗೋವಾದ ಬೀದಿಯಲ್ಲಿ ಇವರಿಗೆ ‘ಘಾಟಿ’ ಎಂದು ಹೆಸರು. ಘಟ್ಟದಿಂದ ಇಳಿದು ಬಂದವನು ಎಂಬ ಮೂದಲಿಕೆ. ‘ಬೆಂಗಳೂರಿನ ಗಾಡಿ ಭಾಳ ಬರ್ತಾವ್ರೀ ಇಲ್ಲಿಗೆ. ನಾವು ಕನ್ನಡ ಮಾತಾಡಿದ್ರ ತಿರುಗೀನೂ ನೋಡಂಗಿಲ್ಲ ಅವ್ರು’ ಅಂದ. ನಾನು ಚಹಾದ ಲೋಟ ನೋಡುತ್ತ ಕೂತೆ.

ಘಟ್ಟ ಇಳಿದು ಬಂದವರೇ ಅಲ್ಲವೇನ್ರಪ್ಪ ನೀವೂ? ಅವನು ಬಂದದ್ದು ಕೂಲಿಗೆ, ನೀವು ಬಂದದ್ದು ಮೋಜಿಗೆ. ನುಡಿ ಒಂದೇ. ಅವನು ಅದನ್ನು ಗಂಟಲೆತ್ತಿ ಕೂಗುತ್ತಾನೆ, ನೀವು ಜಾಕೀಟಿನ ಒಳಜೇಬಿನಲ್ಲಿ ಬಚ್ಚಿಡುತ್ತೀರಿ.

ಕ್ಲಬ್ಬಿನವರು ಸಿಕ್ಕರು. ಬ್ಯಾಗು ಕೊಟ್ಟರು, ಬೇಜಾರೂ ಪಟ್ಟರು. ಕೆಟ್ಟವರಲ್ಲ. ಹುಡುಗನಿಗೆ ಎರಡು ತಿಂಗಳು ಕೆಲಸವಿಲ್ಲ, ಕೈಯೊಳಗೆ ಪ್ಲೇಟು ಹಾಕಬೇಕು, ಏನಾದರೂ ಸಹಾಯ ಮಾಡಿ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಾರ್ಯದರ್ಶಿ ಎನಿಸಿಕೊಂಡವನು ಫೈಲು ತೆಗೆದು ಆ ಫಾರಂ ತೋರಿಸಿದ. ಬೆರಳಿಟ್ಟು ಓದಿದ. ಏನೇ ಪೆಟ್ಟಾದರೂ, ಸತ್ತರೂ, ಎಲ್ಲ ನನ್ನದೇ ಹೊಣೆ, ಕ್ಲಬ್ಬಿನ ಮೇಲೆ ಯಾವ ಹಕ್ಕೂ ಸಾಧಿಸುವುದಿಲ್ಲ, ಸುರಕ್ಷತೆಯ ಸೂಚನೆಗಳನ್ನೆಲ್ಲ ಕೇಳಿ ಪೂರ್ತಿ ಅರ್ಥ ಮಾಡಿಕೊಂಡಿದ್ದೇನೆ, ಹೀಗೆ. ಕೆಳಗೆ ನಮ್ಮ ಹುಡುಗನ ದುಂಡನೆಯ ಕನ್ನಡ ಸಹಿ.

ಅರ್ಥ ಮಾಡಿಕೊಂಡಿದ್ದೇನೆ! ಇಂಗ್ಲಿಷಿನಲ್ಲಿ!

ಬಾಯಿಗೆ ಬಂದಂತೆ ಬೈಯಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಫಾರಮ್ಮಿನ ಬಲ ಮೂಲೆಯಲ್ಲಿ ಒಂದು ಚಿಕ್ಕ ಗುರುತು ಕಂಡಿತು. ಅದು ನಮ್ಮ ಪ್ರೆಸ್ಸಿನ ಗುರುತು. ಆ ಫಾರಂ ಅಚ್ಚು ಹಾಕಿದವನು ನಾನು. ಇನ್ನೂರು ಪ್ರತಿ, ಐವತ್ತರ ನಾಲ್ಕು ಪ್ಯಾಡು. ಪ್ರೂಫು ತಿದ್ದಿದವನು ನಾನು. ಕಾಗುಣಿತ ನೋಡಿದ್ದೆ, ಅರ್ಥ ನೋಡಿರಲಿಲ್ಲ. ಕಟಿಂಗ್ ಮಷೀನಿನಲ್ಲಿ ಅಂಚು ಕತ್ತರಿಸಿ, ಗೋಂದು ಹಚ್ಚಿ ಪ್ಯಾಡು ಮಾಡಿದವನು ಆ ಹುಡುಗನೇ. ತನ್ನ ಕೈ ಮುರಿದರೆ ಯಾರೂ ಹೊಣೆಯಲ್ಲ ಎಂಬ ಕಾಗದವನ್ನು ತನ್ನ ಕೈಯಾರೆ ಕತ್ತರಿಸಿ ಕಟ್ಟಿ ಕೊಟ್ಟಿದ್ದಾನೆ. ನಮ್ಮಿಬ್ಬರಲ್ಲಿ ಒಬ್ಬರಿಗೂ ಅದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು! ಕನ್ನಡ ಸಂಘಟನೆಗಳ ಕರಪತ್ರ ಅಚ್ಚು ಹಾಕುವ ಅದೇ ಮಷೀನಿನಲ್ಲಿ!

ಬ್ಯಾಗು ತೆಗೆದುಕೊಂಡು ಬಂದುಬಿಟ್ಟೆ. ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಮೇಲೆ ಒಂದು ನಿಮಿಷ ಬಂಡಿ ನಿಲ್ಲಿಸಿದ್ದು ನೆನಪಿದೆ. ಆ ಸೇತುವೆ ಈಗಿಲ್ಲ. 2024ರ ಆಗಸ್ಟ್ 7ರಂದು ಕುಸಿದು ಒಂದು ಲಾರಿ ಹೊಳೆಗೆ ಬಿತ್ತು. ಚಾಲಕ ತಮಿಳುನಾಡಿನವನು. ಕಗ್ಗತ್ತಲೆಯಲ್ಲಿ ಅಲ್ಲಿಯ ಮೀನುಗಾರರು, ಪೊಲೀಸರು ಸೇರಿ ಅವನನ್ನು ಜೀವಸಹಿತ ಮೇಲೆ ತಂದರು. ಯಾವ ಭಾಷೆಯವನು ಎಂದು ಯಾರೂ ಕೇಳಲಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಈ ಲೇಖನ ಓದಿ ‘ಸಂಕುಚಿತ ಬುದ್ಧಿ’, ‘ಭಾಷಾಂಧತೆ’ ಎಂದು ಮೂಗು ಮುರಿಯುವವರು ನಾಳೆಯೇ ಹುಟ್ಟಿಕೊಳ್ಳುತ್ತಾರೆ. ಕನ್ನಡ ನಾಡಿನ ಜನಕ್ಕೆ ಯಾರ ಮೇಲೂ ದ್ವೇಷವಿಲ್ಲ. ನಮ್ಮ ಜೊತೆ ಘಟ್ಟದಲ್ಲಿ ನಿಂತವನು ಮಲಯಾಳಿ. ಬಿಟ್ಟು ಹೋದವರಲ್ಲಿ ಹನ್ನೊಂದು ಜನ ಕನ್ನಡಿಗರು! ನನ್ನ ಸಿಟ್ಟು ಯಾರ ಮೇಲೆ ಎಂದು ಬಿಡಿಸಿ ಹೇಳಬೇಕೆ?

ವಾದಗಳು ನನಗೆ ಗೊತ್ತು. ವಾಪಸು ಬಂದ ಮೇಲೆ ಪ್ರೆಸ್ಸಿಗೆ ಬಂದ ಪ್ರತಿ ಗಿರಾಕಿಯ ಹತ್ತಿರ ಜಗಳವಾಡಿದ್ದೇನೆ. ‘ಎಲ್ಲ ಭಾಷೆಯವರೂ ಇರ್ತಾರೆ ಸಾರ್, ಇಂಗ್ಲಿಷೇ ಕಾಮನ್’ ಅನ್ನುತ್ತಾರೆ. ಆಯಿತು, ಇಂಗ್ಲಿಷಿನಲ್ಲೂ ಹೇಳಿ, ಬೇಡ ಎಂದವರಾರು? ಬೆಂಗಳೂರಿನಿಂದ ಹೊರಡುವ ಸಾಲಿಗೆ ಕನ್ನಡದಲ್ಲಿ ಮೊದಲು ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿ. ಹತ್ತು ನಿಮಿಷದ ಭಾಷಣ ಇಪ್ಪತ್ತಾಗುತ್ತದೆ. ದಾವಣಗೆರೆಯಲ್ಲಿ ದೋಸೆ ಹತ್ತು ನಿಮಿಷ ತಡವಾದರೆ ಹಸಿದು ಸಾಯುವುದಿಲ್ಲ. ಸ್ಟರ್ಜಿಸ್ಸಿನವನು ಅವನ ಊರಿನಲ್ಲಿ ಅವನ ಭಾಷೆಯನ್ನೇ ಮಾತಾಡುತ್ತಾನೆ. ನೀವು ಅವನಿಂದ ಜಾಕೀಟು ಕಲಿತಿರಿ, ಗಡ್ಡ ಕಲಿತಿರಿ, ಅದೊಂದನ್ನು ಮಾತ್ರ ಕಲಿಯಲಿಲ್ಲ.

‘ಬೈಕಿನ ವಿಷಯ ಎಲ್ಲ ಕನ್ನಡದಲ್ಲಿ ಬರಲ್ಲ ಸಾರ್’ ಎಂದ ಒಬ್ಬ. ಇದನ್ನು ಕೇಳಿ ಮೈ ಉರಿದುಹೋಯಿತು. ನನ್ನ ಎಜ್ಡಿಯ ಎದುರೇ ನಿಂತು ಈ ಮಾತು! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬಂಡಿ ಹೊರತರಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಮೂವತ್ತೈದು ವರ್ಷ! ಕಿಕ್ಕರ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಿಚಿದರೆ ಗೇರಾಗುತ್ತಿದ್ದ ಆ ಬಂಡಿಯನ್ನು ಜೋಡಿಸಿದ ಕೈಗಳು ಮೈಸೂರಿನವು. ಅವರು ಸೈಲೆನ್ಸರು, ಕಾರ್ಬೊರೇಟರು ಅಂದರು, ನಿಜ. ಉಳಿದದ್ದನ್ನೆಲ್ಲ ಕನ್ನಡದಲ್ಲೇ ಮಾತಾಡಿಕೊಂಡು ಜೋಡಿಸಿದರು. ಇವತ್ತಿಗೂ ನನ್ನ ಬಂಡಿ ನೋಡುವ ಮುದುಕ ಮೆಕ್ಯಾನಿಕ್ಕಪ್ಪ ಶಬ್ದ ಕೇಳಿ ‘ಉಸಿರು ಕಟ್ಟಿದೆ ಕಣಯ್ಯ’ ಅನ್ನುತ್ತಾನೆ. ಏನು ಕೆಟ್ಟಿದೆ ಎಂದು ನನಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಬಸ್ಸಿನ ಕಂಡಕ್ಟರು ‘ರೈಟ್’, ‘ಹೋಲ್ಡಾನ್’ ಎಂಬ ಎರಡು ಮಾತಿನಲ್ಲಿ ರಾಜ್ಯವನ್ನೇ ಓಡಿಸುತ್ತಾನೆ. ಅವು ಹುಟ್ಟಿನಲ್ಲಿ ಇಂಗ್ಲಿಷ್ ಇರಬಹುದು, ಆದರೆ ಅರ್ಥವಾಗದ ಕನ್ನಡಿಗನಿಲ್ಲ. ಅಚ್ಚಗನ್ನಡದಲ್ಲೇ ಹೇಳಿ ಎಂದು ನಾನು ಹಟ ಹಿಡಿದಿಲ್ಲ. ಅರ್ಥವಾಗುವಂತೆ ಹೇಳಿ ಎನ್ನುತ್ತಿದ್ದೇನೆ.

ಇನ್ನು ನಮ್ಮ ಹೋರಾಟಗಾರ ಮಿತ್ರರಿಗೂ ಎರಡು ಮಾತಿದೆ, ಬೇಸರ ಬೇಡ. ಕನ್ನಡ ಅಂಕಿಯ ನಂಬರ್ ಪ್ಲೇಟಿಗಾಗಿ ದಂಡ ಕಟ್ಟಿದ ಗೆಳೆಯರು ನನಗಿದ್ದಾರೆ. 1989ರ ಕೇಂದ್ರದ ನಿಯಮ ಅದಕ್ಕೆ ಅಡ್ಡ ನಿಂತಿದೆ. ಬೋರ್ಡುಗಳಲ್ಲಿ ಅರುವತ್ತರಷ್ಟು ಪಾಲು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು, ಬೀದಿಗಿಳಿದು ಗೆದ್ದೆವು, ಸಂತೋಷ. ಆದರೆ ಬೋರ್ಡು ಬಿದ್ದು ಸತ್ತವರಿಗಿಂತ ಸೂಚನೆ ತಿಳಿಯದೆ ಸತ್ತವರು ಹೆಚ್ಚು. ಸಹಿ ಹಾಕಿಸಿಕೊಳ್ಳುವ ಕಾಗದ, ಜೀವಕ್ಕೆ ಸಂಬಂಧಪಟ್ಟ ಸೂಚನೆ, ಇವುಗಳ ಮೇಲೆ ಯಾರ ಕಣ್ಣೂ ಇಲ್ಲ. ಬೈಕ್ ಕ್ಲಬ್ಬು ಬಿಡಿ, ಚಾರಣಕ್ಕೆ ಕರೆದೊಯ್ಯುವವರ ಫಾರಂ ನೋಡಿ, ಜಿಮ್ಮಿನ ಫಾರಂ ನೋಡಿ, ದಾಂಡೇಲಿಯಲ್ಲಿ ಹೊಳೆಯ ದೋಣಿ ಹತ್ತಿಸುವ ಮುಂಚೆ ಸಹಿ ಮಾಡಿಸುವ ಕಾಗದ ನೋಡಿ. ಬೋರ್ಡಿಗೆ ಮಸಿ ಬಳಿಯುವ ಮೊದಲು ಒಂದು ಸಲ ನಿಮ್ಮ ಜೇಬಿನಲ್ಲಿರುವ ಕಾಗದ ಬಿಡಿಸಿ ಓದಿ.

ನಮ್ಮ ಪ್ರೆಸ್ಸಿನಲ್ಲಿ ಈಗ ಒಂದು ಕಟ್ಟುಪಾಡು ಮಾಡಿದ್ದೇನೆ. ಜನರ ಸಹಿ ಬೀಳುವ ಯಾವ ಕಾಗದವನ್ನೂ ಕನ್ನಡವಿಲ್ಲದೆ ಅಚ್ಚು ಹಾಕುವುದಿಲ್ಲ. ನೀವು ಬರೆದುಕೊಡದಿದ್ದರೆ ನಾನೇ ಕನ್ನಡ ಮಾಡಿ ಪ್ರೂಫು ಕೊಡುತ್ತೇನೆ, ಅದಕ್ಕೆ ಕಾಸಿಲ್ಲ. ಈ ಕಟ್ಟುಪಾಡಿನಿಂದ ಎರಡು ಕ್ಲಬ್ಬು, ಒಂದು ಜಿಮ್ಮು, ಮತ್ತೊಂದು ಫೈನಾನ್ಸಿನ ಗಿರಾಕಿ ಬೇರೆ ಪ್ರೆಸ್ಸಿಗೆ ಹೋದರು. ಹೋಗಲಿ. ಪ್ರೆಸ್ ಮಾಲೀಕರ ಬಳಗದಲ್ಲಿ ಇದನ್ನು ಓದುವವರು ಇದ್ದರೆ ಅವರನ್ನೇ ಕೇಳುತ್ತಿದ್ದೇನೆ: ನಾನು ಬೇ ಅಂದದ್ದಕ್ಕೆ ನೀವು ಹಾಕಿಕೊಡುತ್ತಿದ್ದೀರಿ. ನಾವು ಹತ್ತು ಜನ ಒಟ್ಟಿಗೆ ಬೇಡ ಅಂದರೆ ಅವರು ಎಲ್ಲಿಗೆ ಹೋಗುತ್ತಾರೆ?

ನಮ್ಮನ್ನು ಕರೆದುಕೊಂಡು ಹೋದ ಕ್ಲಬ್ಬು ಮಾತ್ರ ವಾಪಸು ಬಂತು, ಹೇಳಲೇಬೇಕು. ಮುಂದಾಳು ಒಬ್ಬನೇ ಬಂದ. ಹುಡುಗನ ಕೈ ಹಿಡಿದು ನೋಡಿದ. ಜೇಬಿನಿಂದ ಎಂಟು ಸಾವಿರ ತೆಗೆದು ಕೊಟ್ಟ, ಕ್ಲಬ್ಬಿನದಲ್ಲ, ತನ್ನದು. ‘ಕನ್ನಡದಲ್ಲಿ ಒಂದು ಶೀಟ್ ಮಾಡ್ಕೊಡಿ ಸಾರ್, ಮುಂದಿನ ಸಲ ಓದ್ತೀನಿ’ ಅಂದ. ಓದಿ ತೋರಿಸಲಿ, ಆಮೇಲೆ ಹೊಗಳುತ್ತೇನೆ.

ಶೀಟು ಮಾಡಿದ್ದೇನೆ. ಕೈಸನ್ನೆಗಳ ಚಿತ್ರ ಒಂದು ಕಡೆ, ಸೂಚನೆ ಇನ್ನೊಂದು ಕಡೆ. ಒಂದು ಬೆರಳಿನ ಚಿತ್ರದ ಕೆಳಗೆ ‘ಒಬ್ಬರ ಹಿಂದೆ ಒಬ್ಬರು’ ಎಂದು ದಪ್ಪ ಅಕ್ಷರದಲ್ಲಿದೆ. ಅದರ ಪಕ್ಕದಲ್ಲಿ ‘ನಿಲ್ಲುವುದಕ್ಕಲ್ಲ!’ ಎಂದು ಸೇರಿಸಿ ಎಂದವನು ನಮ್ಮ ಹುಡುಗನೇ. ಅವನಿಗೆ ಇನ್ನೂ ಕಟಿಂಗ್ ಮಷೀನಿನ ಚಕ್ರ ಬಲಗೈಯಲ್ಲಿ ತಿರುಗಿಸಲು ಆಗುವುದಿಲ್ಲ, ಎಡಗೈಯಲ್ಲಿ ಅಭ್ಯಾಸ ಮಾಡಿಕೊಂಡಿದ್ದಾನೆ. ಐನೂರು ಪ್ರತಿ ಕತ್ತರಿಸಿ ಇಟ್ಟಿದ್ದಾನೆ. ಯಾವ ಕ್ಲಬ್ಬಿನವರೇ ಬರಲಿ, ಐವತ್ತರವರೆಗೆ ಪುಕ್ಕಟೆ, ಹೆಚ್ಚು ಬೇಕಾದರೆ ಕಾಗದದ ಖರ್ಚು ಮಾತ್ರ. ಈ ಪತ್ರಿಕೆಯ ಕಚೇರಿಯಲ್ಲೂ ಒಂದು ಕಟ್ಟು ಕೊಟ್ಟಿದ್ದೇನೆ. ಸಂಜೆ ಏಳರೊಳಗೆ ಬನ್ನಿ, ಭಾನುವಾರ ರಜಾ.